ಚಿಕ್ಕಂದಿನ ಏಟಿಗೆ ದೊಡ್ಡವರಾದ ಮೇಲೂ ಮದ್ದು ಬೇಕು

ಸಂಪಾದಕರೇ,

ಮಕ್ಕಳಿಗೆ ಹಿಂಸೆ ಕೊಟ್ಟ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಆ ಮಕ್ಕಳು ದೊಡ್ಡವರಾದ ಮೇಲೆ ಹೇಗಿದ್ದಾರೆ ಅನ್ನೋದು ಮಾತ್ರ ಬರುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗಳು ದೂರ ದೂರ. ತೋಟದ ಮಧ್ಯೆ ಒಂಟಿ ಮನೆ, ಪಕ್ಕದ ಮನೆಗೆ ಗದ್ದೆ ದಾಟಿ ಹೋಗಬೇಕು. ಅಪ್ಪ ಕುಡಿದು ಬಂದು ಹೊಡೆದರೆ ಯಾರ ಕಿವಿಗೂ ಬೀಳುವುದಿಲ್ಲ, ಮಳೆಗಾಲದಲ್ಲಂತೂ ಹಂಚಿನ ಮೇಲೆ ಸುರಿಯೋ ಮಳೆಯಲ್ಲಿ ಎಷ್ಟು ಕೂಗಿದರೂ ಅಷ್ಟೇ. ನಾನು ಬೆಳೆದದ್ದು ಅಂಥ ಮನೆಯಲ್ಲಿ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಈಗಲೂ ಯಾರಾದರೂ ದಡಾರನೆ ಬಾಗಿಲು ಹಾಕಿದರೆ ಕೈಕಾಲು ತಣ್ಣಗಾಗುತ್ತದೆ. ಪುಕ್ಕಲು ಸ್ವಭಾವ ಅಂತ ಮನೆಯವರೂ ನೆಂಟರೂ ಹೇಳುತ್ತಲೇ ಬಂದರು.

ಇದು ಸ್ವಭಾವ ಅಲ್ಲ. ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಜೊತೆಗಾರರು ಸಾವಿರಾರು ದೊಡ್ಡವರನ್ನು ಬಾಲ್ಯದ ಬಗ್ಗೆ ಕೇಳಿ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ ಇಂಥವು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತದ ಚಟ, ಹೃದ್ರೋಗ ಕೂಡ ಜಾಸ್ತಿ ಕಂಡವು.

ವಾಸಿಯಾಗೋದು ಅಂದರೆ ಹಳೇದನ್ನೆಲ್ಲ ಒಂದೇ ಸಲ ಕಕ್ಕಿಬಿಡೋದು ಅಂತ ಹಲವರು ತಿಳಿದಿದ್ದಾರೆ. ನನ್ನ ಆಪ್ತಸಲಹೆಗಾರರು ಮೊದಮೊದಲು ಅಪ್ಪನ ಸುದ್ದಿಯನ್ನೇ ಎತ್ತಲಿಲ್ಲ. ಹೆದರಿಕೆ ಬಂದಾಗ ಪಾದವನ್ನು ನೆಲಕ್ಕೆ ಊರುವುದು, ಉಸಿರನ್ನು ನಿಧಾನಕ್ಕೆ ಬಿಡುವುದು, ಸುತ್ತ ಕಾಣೋ ವಸ್ತುಗಳ ಹೆಸರು ಹೇಳಿಕೊಳ್ಳುವುದು, ಇಷ್ಟನ್ನೇ ಕಲಿಸಿದರು. ನಿದ್ದೆ ಸರಿಹೋದ ಮೇಲೆ ಸ್ವಲ್ಪ ಸ್ವಲ್ಪವೇ ಮಾತು. ಅಪ್ಪನನ್ನು ಕ್ಷಮಿಸಲೇಬೇಕು ಅಂತ ಅವರು ಒಮ್ಮೆಯೂ ಹೇಳಲಿಲ್ಲ. ಹಾಗೆ ಹೇಳಿದ್ದು ನೆಂಟರು. "ಸತ್ತವರ ಬಗ್ಗೆ ಆಡಬಾರದು, ಈಗ ಯಾಕೆ ಕೆದಕ್ತೀಯ ಮಾರಾಯ" ಅಂತ. ದಯವಿಟ್ಟು ಯಾರಿಗೂ ಹೀಗೆ ಹೇಳಬೇಡಿ. ಬಾಯಿಬಿಡಲು ಅಷ್ಟು ವರ್ಷ ಹಿಡಿದಿರುತ್ತದೆ, ಈ ಒಂದು ಮಾತಿಗೆ ಮತ್ತೆ ಬಾಯಿ ಮುಚ್ಚಿಹೋಗುತ್ತದೆ.

ಮನಸ್ಸಿನ ತೊಂದರೆ ಇರುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರಲ್ಲಿ ಶುರುವಾದದ್ದು. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಂಕಟದ ಹೊತ್ತಿಗೆ ಅದು ದೊಡ್ಡ ಆಸರೆ. ಆದರೆ ಈ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು, ಎದುರಿಗೆ ಕೂತು ಕೇಳುವ ಅದೇ ಮನುಷ್ಯ ವಾರ ವಾರ ಸಿಗಬೇಕು. ಅದಕ್ಕಾಗಿ ಒಳಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ತೋಟದ ಕೆಲಸಕ್ಕೆ ಹೋಗೋ ಹೆಂಗಸು ಮನೆಯಲ್ಲಿ ಏನಂತ ಹೇಳಿ ಹೊರಡಬೇಕು?

ಮಾತ್ರೆ ಕೊಡುವ ವೈದ್ಯರ ಜೊತೆಗೆ, ಮಾತಿನ ಚಿಕಿತ್ಸೆ ಕಲಿತ ಒಬ್ಬರನ್ನು ಪ್ರತಿ ತಾಲ್ಲೂಕು ಆಸ್ಪತ್ರೆಗೂ ಕಾಯಂ ಆಗಿ ಕೊಡಿ ಅಂತ ಆರೋಗ್ಯ ಇಲಾಖೆಯನ್ನು ಕೇಳುತ್ತೇನೆ. ಅವರಿಗೊಂದು ಬಾಗಿಲಿರೋ ಕೋಣೆಯನ್ನೂ ಕೊಡಿ. ನಮ್ಮ ಊರುಗಳಲ್ಲಿ ಸಾಲಲ್ಲಿ ನಿಂತವರೆಲ್ಲ ಪರಿಚಯದವರೇ, ಅವರ ಮುಂದೆ ಈ ವಿಷಯ ಯಾರೂ ಆಡುವುದಿಲ್ಲ.

— ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು
(ಅಮ್ಮ ಇದ್ದಾರೆ, ಹೆಸರು ಹಾಕಬೇಡಿ)