ಹದಿನಾಲ್ಕು ಲೀಟರಿನ ಲೆಕ್ಕ

ಕೂಬರ್ ಪೀಡಿ, ದಕ್ಷಿಣ ಆಸ್ಟ್ರೇಲಿಯಾ
ಆಗಸ್ಟ್ 19

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನನ್ನ ಹಿಂದಿನ ಪತ್ರವನ್ನು ಓದಿ, ಇಂಥ ಊರು ಬಂತು, ಇಂಥ ಊರು ದಾಟಿದೆ ಎಂದು ರೈಲ್ವೆ ವೇಳಾಪಟ್ಟಿಯ ಹಾಗೆ ಬರೆಯಬೇಡ, ಒಂದೇ ಒಂದು ದಿನದ್ದಾದರೂ ಸರಿಯಾಗಿ ಲೆಕ್ಕ ಒಪ್ಪಿಸು ಎಂದು ನೀವು ಆಕ್ಷೇಪಿಸಿದ್ದು ನ್ಯಾಯವಾಗಿಯೇ ಇದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದಿನದ ಶಿಲ್ಕು ತಾಳೆಯಾಗದೆ ಮನೆಗೆ ಬಾರದಿದ್ದವರಿಗೆ ಅಂಥ ಪತ್ರ ರುಚಿಸುವುದಾದರೂ ಹೇಗೆ? ಆದ್ದರಿಂದ ನನ್ನ ಸೈಕಲ್ ಪ್ರಯಾಣದ ನಿನ್ನೆಯ ಒಂದು ದಿನದ ಲೆಕ್ಕವನ್ನು, ಅದರಲ್ಲೂ ನೀರಿನ ಲೆಕ್ಕವನ್ನು, ಇಲ್ಲಿ ಒಪ್ಪಿಸುತ್ತಿದ್ದೇನೆ.

ಪೋರ್ಟ್ ಅಗಸ್ಟಾದಿಂದ ಹೊರಟು ಖಂಡದ ನಡುವನ್ನು ಸೀಳಿಕೊಂಡು ಡಾರ್ವಿನ್ ಸೇರುವ ಸ್ಟುವರ್ಟ್ ಹೆದ್ದಾರಿಯಲ್ಲಿ ಗ್ಲೆಂಡ್ಯಾಂಬೊ ಎಂಬುದೊಂದು ನಿಲುಗಡೆ ಇದೆ. ಅಲ್ಲಿಂದ ಕೂಬರ್ ಪೀಡಿಗೆ 254 ಕಿ.ಮೀ. ನಡುವೆ ಅಂಗಡಿ ಇಲ್ಲ, ಪೆಟ್ರೋಲ್ ಬಂಕಿಲ್ಲ, ರಸ್ತೆಗೆ ಕಾಣುವಂಥ ಒಂದು ಮನೆಯೂ ಇಲ್ಲ. ಈ ರಾಜ್ಯದಲ್ಲಿ ಹೆದ್ದಾರಿಗೆ ಪೂರ್ತಿ ಡಾಂಬರು ಬಿದ್ದದ್ದೇ 1987ರಲ್ಲಿ. ರಸ್ತೆಯ ಎರಡೂ ಬದಿಗೆ ಹರಡಿರುವುದು ರಾಕೆಟ್ಟು, ಕ್ಷಿಪಣಿಗಳನ್ನು ಪರೀಕ್ಷಿಸುವ ವೂಮೆರಾ ನಿಷೇಧಿತ ಪ್ರದೇಶ. ಹೆದ್ದಾರಿಯಲ್ಲಿ ಹೋಗುವವರಿಗೆ ತಕರಾರಿಲ್ಲ, ಅದನ್ನು ಬಿಟ್ಟು ಒಳಗೆ ಹೋಗುವಂತಿಲ್ಲ ಎಂಬ ಫಲಕಗಳು ಅಲ್ಲಲ್ಲಿ ನಿಂತಿವೆ. ಹೋಗಿ ಮಾಡುವುದಾದರೂ ಏನು, ಮೊಣಕಾಲೆತ್ತರದ ಬೂದುಬಣ್ಣದ ಗಿಡ, ಕೆಂಪು ಮಣ್ಣು, ಮತ್ತೆ ಅದೇ ಗಿಡ.

ಸೈಕಲ್ಲಿನಲ್ಲಿ ಈ ದೂರಕ್ಕೆ ಎರಡು ದಿನ ಬೇಕು. ಇಲ್ಲಿ ಈಗ ಚಳಿಗಾಲವಾದ್ದರಿಂದ ದಿನಕ್ಕೆ ಕುಡಿಯಲು ಐದೂವರೆ, ಅಡುಗೆಗೆ ಒಂದೂವರೆ, ಒಟ್ಟು ಏಳು ಲೀಟರ್ ಎಂದು ಲೆಕ್ಕ ಹಾಕಿ ಹದಿನಾಲ್ಕು ಲೀಟರ್ ತುಂಬಿಸಿಕೊಂಡಿದ್ದೆ. ಲೀಟರಿಗೆ ಒಂದು ಕಿಲೋ ತೂಕವೆಂಬ ಶಾಲೆಯ ಪಾಠ ತೊಡೆಗಳಿಗೆ ಅರ್ಥವಾಗುವುದು ಇಂಥ ರಸ್ತೆಯಲ್ಲಿ. ಮೊದಲ ದಿನ 136 ಕಿ.ಮೀ. ತುಳಿದು ರಸ್ತೆಬದಿಯ ವಿಶ್ರಾಂತಿ ತಾಣವೊಂದರಲ್ಲಿ ಡೇರೆ ಹಾಕಿದಾಗ ಶಿಲ್ಕು ಸರಿಯಾಗಿ ಏಳು ಲೀಟರ್ ಇತ್ತು. ನಾಲ್ಕು ಲೀಟರ್ ನೀರಿನ ದೊಡ್ಡ ಚೀಲದಲ್ಲಿ, ಮೂರು ಲೀಟರ್ ಬಾಟಲಿಗಳಲ್ಲಿ.

ನಿನ್ನೆ ಬೆಳಿಗ್ಗೆ ಐದೂವರೆಗೆ ಡೇರೆಯಿಂದ ಕೈ ಚಾಚಿ ಚೀಲವನ್ನು ಮುಟ್ಟಿದರೆ, ಅದು ಒಣಗಿದ ಹುಣಸೆ ಸಿಪ್ಪೆಯ ಹಾಗೆ ಹಗುರವಾಗಿ ಕೈಗೆ ಬಂತು. ಮೂತಿಯ ಬಳಿಯ ಬೆಸುಗೆ ರಾತ್ರಿ ಬಿಟ್ಟುಕೊಂಡಿತ್ತು. ಟಾರ್ಚು ಹಾಕಿ ನೋಡಿದರೆ ಕೆಂಪು ಮಣ್ಣಿನ ಮೇಲೆ ಊಟದ ಎಲೆಯಗಲದ ಕಪ್ಪು ಗುರುತು. ನಾಲ್ಕು ಲೀಟರ್ ನೀರು ಕುಡಿದ ಭೂಮಿ ಅಷ್ಟನ್ನು ಮಾತ್ರ ಲೆಕ್ಕಕ್ಕೆ ತೋರಿಸಿತ್ತು. ಉಳಿದದ್ದು ಮೂರು ಲೀಟರ್, ಹೋಗಬೇಕಾದದ್ದು 118 ಕಿ.ಮೀ. ಗಂಜಿ ಕಾಯಿಸುವ ಯೋಚನೆಯನ್ನು ಬಿಟ್ಟು, ಒಣ ರೊಟ್ಟಿಗೆ ಶೇಂಗಾ ಬೆಣ್ಣೆ ಸವರಿ ತಿಂದು, ಆರೂವರೆಗೆ ಹೊರಟೆ.

ಗಾಳಿ ಎದುರಿನಿಂದ ಇತ್ತು. ಉತ್ತರದಿಂದ, ಮರುಭೂಮಿಯ ಒಡಲಿನಿಂದ ಬರುವ ಒಣಗಾಳಿ. ಅದು ಬೆವರನ್ನು ಹುಟ್ಟುವ ಮೊದಲೇ ಒರೆಸಿಬಿಡುವುದರಿಂದ, ಬೆವರಿಲ್ಲ, ಆದ್ದರಿಂದ ನೀರು ಬೇಡ ಎಂದು ಮನಸ್ಸು ಸುಳ್ಳು ಲೆಕ್ಕ ಬರೆಯುತ್ತದೆ. ನಾನೂ ಹಾಗೆಯೇ ಐದು ಕಿ.ಮೀ.ಗೆ ಎರಡು ಗುಟುಕು ಎಂದು ಪಡಿ ಹಾಕಿಕೊಂಡೆ. ಇದು ತಪ್ಪು ಲೆಕ್ಕ. ನೀರು ಬಾಟಲಿಯಲ್ಲಿ ಉಳಿದು ಮನುಷ್ಯ ಬಿದ್ದರೆ ಆ ಉಳಿತಾಯದಿಂದ ಯಾರಿಗೂ ಪ್ರಯೋಜನವಿಲ್ಲ. ಒಂಬತ್ತು ಗಂಟೆಗೆ ನೊಣಗಳು ಎದ್ದು ಕಣ್ಣಿನ ಅಂಚಿನ ತೇವಕ್ಕೆ ಮುತ್ತಿಕೊಂಡಾಗ, ನನಗಿಂತ ಅವುಗಳಿಗೇ ನೀರಿನ ಬೆಲೆ ಚೆನ್ನಾಗಿ ತಿಳಿದಿದೆ ಎನ್ನಿಸಿತು.

ಮಧ್ಯೆ ಮಧ್ಯೆ ರೋಡ್ ಟ್ರೇನುಗಳು ಬರುತ್ತವೆ. ಒಂದು ಲಾರಿ ತನ್ನ ಹಿಂದೆ ಮೂರು ಟ್ರೇಲರುಗಳನ್ನು ಎಳೆಯುವ ಈ ವಾಹನಗಳ ಉದ್ದ 53.5 ಮೀಟರಿನವರೆಗೂ ಇರುತ್ತದೆ. ಚಾಲಕರು ರೇಡಿಯೋದ 40ನೆಯ ಚಾನೆಲಿನಲ್ಲಿ ಮಾತಾಡಿಕೊಳ್ಳುವುದರಿಂದ ನಾನೂ ಚಿಕ್ಕದೊಂದು ರೇಡಿಯೋ ಇಟ್ಟುಕೊಂಡಿದ್ದೇನೆ; ಮುಂದೆ ಒಬ್ಬ ಸೈಕಲ್ಲಿನವನಿದ್ದಾನೆ, ನೋಡಿಕೊಂಡು ಹೋಗಿ ಎಂದು ನನ್ನ ವಿಷಯವನ್ನೇ ನಾನು ಕೇಳಿಸಿಕೊಂಡದ್ದುಂಟು. ಎದುರಿನಿಂದ ಬಂದ ಲಾರಿ ಮೊದಲು ಗಾಳಿಯ ಗೋಡೆಯೊಂದನ್ನು ಎದೆಗೆ ತಂದು ಗುದ್ದಿ, ಕೊನೆಯ ಟ್ರೇಲರು ದಾಟುತ್ತಿದ್ದ ಹಾಗೆ ಸೈಕಲ್ಲನ್ನು ರಸ್ತೆಯ ನಡುವಿಗೆ ಸೆಳೆಯುತ್ತದೆ. ಎರಡೂ ದಿಕ್ಕಿನಿಂದ ಒಟ್ಟಿಗೆ ಬಂದರೆ ಮರ್ಯಾದೆಯಿಂದ ಇಳಿದು ಜಲ್ಲಿಯ ಮೇಲೆ ನಿಲ್ಲುವುದೊಂದೇ ದಾರಿ.

ನಲವತ್ತು ಕಿ.ಮೀ. ಮುಗಿಯುವಾಗ ಒಂದು ಲೀಟರ್ ಉಳಿದಿತ್ತು. ಕೇಳಲು ಸಂಕೋಚ; ನಾನೇ ಕಟ್ಟಿದ ಲೆಕ್ಕಕ್ಕೆ ಇನ್ನೊಬ್ಬರಿಂದ ಜಮಾ ಮಾಡಿಸುವುದು ಹೇಗೆ ಎಂಬ ಬಿಗುಮಾನ, ಅದು ಯಾರಿಂದ ಬಂದದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಕೊನೆಗೆ ನಿಂತು, ಖಾಲಿ ಬಾಟಲಿಯನ್ನು ತಲೆಕೆಳಗಾಗಿ ಎತ್ತಿ ಹಿಡಿದೆ. ಎರಡು ವಾಹನಗಳು ಹೋದವು. ಮೂರನೆಯದು ಕ್ಯಾರವಾನು ಎಳೆಯುತ್ತಿದ್ದ ವೃದ್ಧ ದಂಪತಿಗಳದ್ದು. ಆಕೆ ಇಳಿದು, ಒಂದು ಮಾತೂ ಕೇಳದೆ ನನ್ನ ಬಾಟಲಿಗಳನ್ನೆಲ್ಲ ತುಂಬಿಸಿ, ಮೇಲೆ ಎರಡು ಲೀಟರಿನ ಡಬ್ಬಿಯೊಂದನ್ನು ಕೊಟ್ಟರು. ಒಟ್ಟು ಐದು ಲೀಟರ್. ಡಬ್ಬಿಯನ್ನು ಹಿಂದಿರುಗಿಸುವುದು ಹೇಗೆಂದು ನಾನು ಕೇಳಿದ್ದಕ್ಕೆ ಅವರ ಯಜಮಾನರು ಬಹಳ ಹೊತ್ತು ನಕ್ಕರು. ಇದನ್ನು ಸಾಲದ ಖಾತೆಗೆ ಬರೆಯಬೇಕೋ ದಾನದ ಖಾತೆಗೋ ನೀವೇ ತೀರ್ಮಾನಿಸಿ.

ಮಧ್ಯಾಹ್ನ ಒಂದೂವರೆಗೆ ಗಾಳಿ ಒಮ್ಮೆಗೇ ನಿಂತು, ಹತ್ತು ನಿಮಿಷದಲ್ಲಿ ದಕ್ಷಿಣಕ್ಕೆ ತಿರುಗಿ ಬೆನ್ನಿಗೆ ಬಂತು. ಉಳಿದ ಐವತ್ತು ಚಿಲ್ಲರೆ ಕಿ.ಮೀ. ಹೇಗೆ ಸಾಗಿತೆಂಬುದೇ ತಿಳಿಯಲಿಲ್ಲ.

ಊರು ಕಾಣುವ ಎಷ್ಟೋ ಮೊದಲೇ ಗುಪ್ಪೆಗಳು ಕಾಣುತ್ತವೆ. ಬಯಲಿನ ತುಂಬ, ಯಾರೋ ಸೇರಿನಿಂದ ಅಳೆದು ಸುರಿದ ಹಿಟ್ಟಿನ ಹಾಗೆ, ಬಿಳಿಯ ಮತ್ತು ನಸುಗೆಂಪು ಮಣ್ಣಿನ ಸಾವಿರಾರು ಗುಪ್ಪೆಗಳು. ಇಲ್ಲಿ ಅಗೆಯುವುದು ಓಪಲ್ ಎಂಬ ರತ್ನವನ್ನು. ದೊಡ್ಡ ಕಂಪನಿಯ ಬೇಲಿಯಾಗಲಿ ಕೊಳವೆ ಚಿಮಣಿಗಳಾಗಲಿ ಕಾಣುವುದಿಲ್ಲ. 50 ಮೀಟರ್ ಉದ್ದಗಲದಂಥ ಸಣ್ಣ ತುಂಡುಗಳನ್ನು ಗುರುತು ಹಾಕಿಕೊಂಡು, ಒಬ್ಬಿಬ್ಬರೇ ಸೇರಿ ಅಗೆಯುತ್ತಾರೆ. ಲಾರಿಯ ಮೇಲೆ ಕೂರಿಸಿದ ದೊಡ್ಡದೊಂದು ಹೀರುಯಂತ್ರ ಗುಂಡಿಯ ಮಣ್ಣನ್ನು ಕೊಳವೆಯಲ್ಲಿ ಎಳೆದು ಪೀಪಾಯಿಗೆ ತುಂಬಿಸಿ, ಅದು ತುಂಬಿದೊಡನೆ ಬಾಯಿ ತೆರೆದು ಧೊಪ್ಪೆಂದು ಕಕ್ಕುತ್ತದೆ. ಗುಪ್ಪೆಗಳು ಆಗುವುದು ಹಾಗೆ.

ಗುಪ್ಪೆ ಕಾಣುತ್ತದೆ, ಪಕ್ಕದ ಹೊಂಡ ಕಾಣುವುದಿಲ್ಲ. ಒಂದು ಮೀಟರಿನಷ್ಟು ಅಗಲದ ಆಳವಾದ ಗುಂಡಿಗಳು ಬಾಯಿ ತೆರೆದುಕೊಂಡೇ ಇವೆ. ಓಡಬೇಡಿ, ಹಿಂದಕ್ಕೆ ನಡೆಯಬೇಡಿ ಎಂಬ ಎಚ್ಚರಿಕೆಯ ಫಲಕದಲ್ಲಿ ಮನುಷ್ಯನೊಬ್ಬ ತಲೆಕೆಳಗಾಗಿ ಬೀಳುತ್ತಿರುವ ಚಿತ್ರವಿದೆ. ಫೋಟೋ ತೆಗೆಯಲು ಹಿಂದೆ ಹಿಂದೆ ಸರಿಯುವವರಿಗಾಗಿಯೇ ಇರಬೇಕು. ಎಲ್ಲೆಂದರಲ್ಲಿ ಡೇರೆ ಹಾಕುವ ನನ್ನಂಥವನು ಇಲ್ಲಿ ಮೂತ್ರಕ್ಕೂ ರಸ್ತೆ ಬಿಟ್ಟು ಹೋಗಲು ಹೆದರಿದೆ.

1915ರ ಫೆಬ್ರವರಿ 1ರಂದು ಇಲ್ಲಿ ಮೊದಲ ಓಪಲ್ ಸಿಕ್ಕಿದ್ದು ಹದಿನಾಲ್ಕು ವರ್ಷದ ವಿಲ್ಲಿ ಹಚಿಸನ್ ಎಂಬ ಹುಡುಗನಿಗೆ. ಅವನ ತಂದೆಯ ತಂಡ ಬಂದದ್ದು ಬಂಗಾರ ಹುಡುಕಲು. ಬಂಗಾರ ಸಿಗಲಿಲ್ಲ, ನೀರು ಮುಗಿಯುತ್ತ ಬಂತು, ನೀರು ಹುಡುಕಲು ಹೋದ ಹುಡುಗ ಕಲ್ಲು ಹಿಡಿದುಕೊಂಡು ಬಂದ. ನಿನ್ನೆ ಬೆಳಗಿನಿಂದ ಬಾಟಲಿ ನೋಡಿಕೊಂಡು ತುಳಿದ ನನಗೆ ಈ ಕಥೆಯಲ್ಲಿ ಕಲ್ಲಿಗಿಂತ ನೀರೇ ದೊಡ್ಡದಾಗಿ ಕಂಡಿತು. ಮುಂದೆ ಅಂಗಡಿಯವರೊಬ್ಬರು ಅಂಗೈಯಲ್ಲಿ ಒಂದು ಓಪಲ್ ಇಟ್ಟು ತಿರುಗಿಸಿ, ಹಸಿರು ಕೆಂಪಾಗುವುದನ್ನೂ ಕೆಂಪು ನೀಲಿಯಾಗುವುದನ್ನೂ ತೋರಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಗುಂಡುಗಳು ಸಾಲಾಗಿ ಜೋಡಿಸಿಕೊಂಡಿರುವುದರಿಂದ ಬೆಳಕು ಒಡೆದು ಈ ಬಣ್ಣ ಹುಟ್ಟುತ್ತದೆ. ಆ ಸಿಲಿಕಾವನ್ನು ಕರಗಿಸಿ ಬಿರುಕುಗಳಿಗೆ ತಂದು ಬಿಟ್ಟದ್ದು ನೆಲದೊಳಗಿನ ನೀರು. ಕಲ್ಲಿನೊಳಗೆ ಇಂದಿಗೂ ಒಂದಿಷ್ಟು ನೀರು ಉಳಿದಿದೆ. ಡೈನೋಸಾರುಗಳ ಕಾಲದಲ್ಲಿ ಈ ಬಯಲು ಸಮುದ್ರದ ತಳವಾಗಿತ್ತಂತೆ, ಓಪಲ್ಲಾಗಿ ಮಾರ್ಪಟ್ಟ ಚಿಪ್ಪುಗಳೂ ಸಿಗುತ್ತವೆ. ಬೆಲೆ ಕೇಳಿ, ಕಲ್ಲನ್ನು ಜೋಪಾನವಾಗಿ ಅವರ ಕೈಗೇ ಹಿಂದಿರುಗಿಸಿದೆ.

ಉಳಿದುಕೊಂಡಿರುವುದು ನೆಲದೊಳಗೆ ಕೊರೆದ ಕೋಣೆಯಲ್ಲಿ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಒಳಗೆ ವರ್ಷವಿಡೀ 23ರಿಂದ 25 ಡಿಗ್ರಿ. ಗೋಡೆಗೆ ಗಾರೆಯಿಲ್ಲ, ಕೊರೆಯುವ ಯಂತ್ರದ ಹಲ್ಲು ತಿರುಗಿದ ಬಳೆಬಳೆ ಗುರುತುಗಳೇ ಅಲಂಕಾರ. ಕಿಟಕಿಯಿಲ್ಲದ್ದರಿಂದ ದೀಪ ಆರಿಸಿದರೆ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ನಿನ್ನೆ ಹನ್ನೊಂದು ಗಂಟೆ ನಿದ್ದೆ ಮಾಡಿದ್ದೇನೆ.

ದಿನದ ಲೆಕ್ಕ ಹೀಗಿದೆ. ಆರಂಭ ಶಿಲ್ಕು ಮೂರು ಲೀಟರ್, ಜಮಾ ಐದು, ಖರ್ಚು ಐದೂವರೆ, ಆಖೈರು ಶಿಲ್ಕು ಎರಡೂವರೆ. ಈ ಊರಿನ ನೀರನ್ನು ದೂರದ ಕೊಳವೆಬಾವಿಯಿಂದ ತಂದು, ಉಪ್ಪು ತೆಗೆದು ಕೊಡುತ್ತಾರೆ. ಪ್ರಯಾಣಿಕರು ನಾಣ್ಯ ಹಾಕಿ ತುಂಬಿಸಿಕೊಳ್ಳುವ ನಲ್ಲಿಯೊಂದಿದೆ. ಇಂದು ಸಂಜೆ ಅಲ್ಲಿ ಹೊಸ ಚೀಲ ತುಂಬಿಸಿ, ಮೂತಿ ಬಿಗಿದು, ತಲೆಕೆಳಗಾಗಿ ಹಿಡಿದು ಹತ್ತು ನಿಮಿಷ ಕಾದು ನೋಡಿದೆ. ಸರದಿಯಲ್ಲಿದ್ದವರು ಏನೆಂದುಕೊಂಡರೋ ಕಾಣೆ.

ನಾಳೆ ಮಾರ್ಲಾದ ಕಡೆಗೆ ಹೊರಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಈ ಪತ್ರವನ್ನು ಓದಿ ಹೇಳುವಾಗ ಚೀಲ ಸೋರಿದ ಭಾಗವನ್ನು ಬಿಟ್ಟು, ಗುಹೆಯ ಕೋಣೆಯಿಂದ ಓದಿದರೆ ಉಪಕಾರವಾಗುತ್ತದೆ.

ಇತಿ,
ನಿಮ್ಮ ಆಶೀರ್ವಾದ ಬೇಡುವ ಮಗ