ಹೆಸರು ಹೇಳದೆ ಹೋದ ಮಿಸ್ತ್ರಿಯವರಿಗೆ ಧನ್ಯವಾದ

ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ನಮ್ಮ ಕಾಲೇಜಿನ ಮೈದಾನದಲ್ಲಿ, ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವು ಗಡಗಡ ನಡುಗಿ ನಿಂತಾಗ, ತಾವಾಗಿಯೇ ಬಂದು ಅದರ ಡೆಕ್ (ಬ್ಲೇಡನ್ನು ಮುಚ್ಚಿರುವ ಅಡಿಭಾಗದ ತಗಡಿನ ಕವಚ) ಸರಿಪಡಿಸಿಕೊಟ್ಟ ಟ್ರ್ಯಾಕ್ಟರ್ ಮಿಸ್ತ್ರಿಯವರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತೇನೆ.

ಅವರು ಮೊದಲು ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವಯರ್ ಬಿಡಿಸಿ, ಆಮೇಲಷ್ಟೇ ಡೆಕ್ಕಿಗೆ ಕೈ ಹಾಕಿದರು. ಅದರ ಅಡಿಯಲ್ಲಿ ಹಸಿ ಹುಲ್ಲೂ ಎರೆಮಣ್ಣೂ ಕೂಡಿ ಗಟ್ಟಿಯಾಗಿ ಅಂಟಿಕೊಂಡಿದ್ದವು. ಕೆರೆದು ತೆಗೆದಾಗ, ತೇವ ಹಿಡಿದ ತಗಡು ತುಕ್ಕಿಗೆ ತುತ್ತಾಗುತ್ತಿದ್ದುದು ಕಾಣಿಸಿತು. ಬ್ಲೇಡನ್ನು ಕೈಯಿಂದ ತಿರುಗಿಸಿ, ಶಬ್ದವನ್ನು ಆಲಿಸಿ, ಬ್ಲೇಡನ್ನು ಹೊತ್ತು ತಿರುಗುವ ದಂಡವಾದ ಸ್ಪಿಂಡಲ್‌ನ ಬೇರಿಂಗ್ ಸವೆದಿದೆಯೆಂದು ಗುರುತಿಸಿದ ಅವರು ಅದೇ ಅಳತೆಯದನ್ನು ಪೇಟೆಯಿಂದ ತಂದು ಕೂರಿಸಿದರು. ಬ್ಲೇಡಿಗೆ ಸಾಣೆ ಹಿಡಿದ ಮೇಲೆ ಅದರ ನಡುವಿನ ರಂಧ್ರವನ್ನು ಮೊಳೆಗೆ ಸಿಕ್ಕಿಸಿ, ಭಾರಕ್ಕೆ ಕೆಳಗೆ ವಾಲಿದ ತುದಿಯನ್ನು ಇನ್ನಷ್ಟು ಉಜ್ಜಿ, ಎರಡೂ ಬದಿಯನ್ನು ಸಮತೂಕಕ್ಕೆ ತಂದ ಅವರ ತಾಳ್ಮೆಯನ್ನು ನಾನು ವಿಶೇಷವಾಗಿ ನೆನೆಯುತ್ತೇನೆ. ಬೇರಿಂಗಿನ ಆಯುಷ್ಯವನ್ನು ಕಾಯುವುದು ಹರಿತಕ್ಕಿಂತ ಹೆಚ್ಚಾಗಿ ಈ ಸಮತೂಕವೇ. ಕೊನೆಗೆ ಡೆಕ್ಕಿನ ಮುಂಭಾಗವು ಹಿಂಭಾಗಕ್ಕಿಂತ ಸುಮಾರು 3ರಿಂದ 6 ಮಿಲಿಮೀಟರ್ ತಗ್ಗಿರುವಂತೆ ಹೊಂದಿಸಿದರು.

ಚಹಾ ಮಾತ್ರ ಕುಡಿದು ಹೊರಟ ಆ ಹಿರಿಯರ ಕಣ್ಣಿಗೆ ಈ ಬರಹ ಬಿದ್ದರೆ, ಬೇರಿಂಗಿನ ಬೆಲೆಯನ್ನಾದರೂ ಬಂದು ಸ್ವೀಕರಿಸಬೇಕೆಂದು ವಿನಂತಿಸುತ್ತೇನೆ.