ಸಚಿವರ, ಸಂತ್ಯಾಗ ಗಿಳಿಮರಿ ಮಾರೂದು ಬಂದ್ ಮಾಡಸ್ರಿ

ಮಾನ್ಯ ಅರಣ್ಯ ಸಚಿವರಿಗೆ ಬೆಳಗಾವಿಯಿಂದ ನಮಸ್ಕಾರ ರೀ.

ಇಲ್ಲಿ ಸಂತ್ಯಾಗ ಕಾಡಿನ ಗಿಳಿಮರಿ ರಾಜಾರೋಷ ಮಾರ್ತಾರ, ವರ್ಷಾನುಗಟ್ಟಲೆ ನೋಡಿ ನೋಡಿ ಸಾಕಾಗಿ ಕಡೀಕ ನಿಮಗ ಬರೀಲಿಕತ್ತೀನಿ. 1972ರ ವನ್ಯಜೀವಿ ಕಾಯ್ದೆ ನಾ ನಿಮಗ ಹೇಳೂದಲ್ಲ, ಅದು ನಿಮ್ಮ ಇಲಾಖೀದ. ಬಂದ್ ಮಾಡಸ್ರಿ ಅಷ್ಟ.

ಹೋದ ಬ್ಯಾಸಿಗ್ಯಾಗ ಏನಾತು ಕೇಳ್ರಿ. ಒಬ್ಬಾಂವ ರಟ್ಟಿನ ಡಬ್ಬ್ಯಾಗ ಮರಿ ಇಟ್ಕೊಂಡು ಕುಂತಿದ್ದ, ಗುಬ್ಬಿ ಸೈಜಿನ ಹಸರು ಮರಿ, ಮೋಟ ಬಾಲ, ಬಾಲದ ಬುಡಕ್ಕ ಕೆಂಪು. ನೋಡಿದ ಕೂಡಲೇ ಗೊತ್ತಾತು, ಹ್ಯಾಂಗಿಂಗ್ ಪ್ಯಾರಟ್, ನಮ್ಮ ಖಾನಾಪುರ ಕಾಡಿಂದು. ಒಂದು ಆಗಲೇ ಸತ್ತು ತಳದಾಗ ಬಿದ್ದಿತ್ತು, ಉಳದಾವ್ರ ಬಾಯಾಗ ನೆನಸಿದ ಕಡ್ಲಿ ತುರುಕಾಕತ್ತಿದ್ದ. ಹೂವಿನ ಮಕರಂದ, ಅತ್ತಿಹಣ್ಣು ತಿನ್ನೂ ಹಕ್ಕಿ ರೀ ಅದು! ನಾ ಅಲ್ಲೇ ನಿಂತು ನಿಮ್ಮ ಅರಣ್ಯ ಇಲಾಖೆಗೆ ಫೋನ್ ಹಚ್ಚಿದೆ, ಆ ಕಡೆಯಿಂದ ಒಬ್ರು "ಅವು ಲವ್ ಬರ್ಡ್ಸ್ ಇರ್ತಾವ, ಫಾರಿನ್ ಹಕ್ಕಿ, ಕೇಸ್ ಆಗಂಗಿಲ್ಲ ಬಿಡ್ರಿ" ಅಂದ್ರು, ಫೋಟೋ ಕಳಸ್ತೀನಿ ಅಂದ್ರ ಕಟ್ ಮಾಡಿದ್ರು, ಅಷ್ಟರಾಗ ಆಂವ ಡಬ್ಬಿ ಎತ್ಕೊಂಡು ಹ್ವಾದ. ಲವ್ ಬರ್ಡ್ಸ್ ಆಫ್ರಿಕಾದ್ದು ಸಾಹೇಬ್ರ. ಇದು ಜಾಂಬೋಟಿ, ಕಣಕುಂಬಿ ಕಡೆ ಹಾರಾಡೂದು. ಪಗಾರ ತಗೊಳ್ಳೋರಿಗೆ ಇಷ್ಟೂ ಗೊತ್ತಿರಬ್ಯಾಡೇನ್ರಿ?

ಇಡೀ ಹಕ್ಕಿ 14 ಸೆಂಟಿಮೀಟರ್ ಇರ್ತದ. ರಾತ್ರಿ ಬಾವಲಿ ಹಂಗ ಟೊಂಗಿಗೆ ತಲಿಕೆಳಗಾಗಿ ಜೋತ್ಬಿದ್ದು ಮಲಗ್ತದ. ಒಣಗಿದ ಮರದ ಪೊಟರ‍್ಯಾಗ ಗೂಡು ಮಾಡ್ತದ, ಹೆಣ್ಣು ಎಲಿ ಚೂರು ಕತ್ತರಿಸಿ ಬೆನ್ನಿನ ಹಿಂದಿನ ಪುಕ್ಕದಾಗ ಸಿಗಿಸ್ಕೊಂಡು ಒಯ್ತದ, ಕೊಕ್ಕಿನಾಗ ಅಲ್ಲ. ಇಷ್ಟು ಕಷ್ಟಪಟ್ಟು ಮೂರು-ನಾಕು ತತ್ತಿ ಇಡ್ತದ. ಮರಿ ಕದಿಯೋರು ಕೊಡ್ಲಿ ತಗೊಂಡು ಪೊಟರೀನ ಸೀಳಿಬಿಟ್ರ ಮರಿಗಳಂತೂ ಹ್ವಾದ್ವು, ಮುಂದಿನ ವರ್ಷ ಆ ಗೂಡೂ ಇಲ್ಲ. ಇದು ನನಗ ನಿದ್ದಿ ಕೆಡಸೇತ್ರಿ.

ನಮ್ಮ ಖಾನಾಪುರ ಕಡೀದ ಭೀಮಗಡ ಅಭಯಾರಣ್ಯ 2011ರಾಗ ಘೋಷಣೆ ಆತು, ಖುಷಿ ಪಟ್ಟಿದ್ವಿ. ಬೋರ್ಡ್ ಹಾಕಿದ್ರ ಆತೇನ್ರಿ, ಅದರ ಬಾಜೂ ಊರಾಗ ಮರಿ ಮಾರಾಕತ್ತಾರಲ್ಲ?

ಜನವರಿಯಿಂದ ಏಪ್ರಿಲ್ ತನಕ ಗೂಡಿನ ಟೈಮ್. ಆಗರೆ ಪ್ರತಿ ಸಂತಿಗೆ ಹಕ್ಕಿ ಗುರುತು ಹಿಡಿಯೋ ಒಬ್ಬ ಸಿಬ್ಬಂದೀನ ಕಳಸ್ರಿ, ಸಿಕ್ಕಾವ್ರ ಮ್ಯಾಲ ಕೇಸ್ ಹಾಕಸ್ರಿ. ಮತ್ತ ಹೇಳ್ತೀನಿ, ಮಾರೂದು ಬಂದ್ ಮಾಡಸ್ರಿ. ಮುಂದಿನ ಜನವರಿಯೊಳಗ ಆಗಬೇಕು.

ಬೆಳಗಾವಿಯ ಒಬ್ಬ ನಾಗರಿಕ